ಮಹಡಿ ಮೇಲೆ ಹಾಲಿನ ಗಾಡಿ

ಇಂಗ್ಲೆಂಡಿನ ಶೆಫೀಲ್ಡ್ ಊರಿನ ಪಾರ್ಕ್ ಹಿಲ್ ಅನ್ನುವ ವಸತಿ ಕಟ್ಟಡದ ಬಗ್ಗೆ ಯಾರೇ ಮಾತಾಡಲಿ, ಒಂದು ಹಾಲಿನ ಗಾಡಿ ಬಂದೇ ಬರುತ್ತದೆ. ಬ್ಯಾಟರಿಯಲ್ಲಿ ಓಡುವ ಸಣ್ಣ ಗಾಡಿ. ಅದು ಓಡುತ್ತಿದ್ದದ್ದು ನೆಲದ ಮೇಲಲ್ಲ. ಅಪಾರ್ಟ್‌ಮೆಂಟಿನ ಮೇಲ್ಮಹಡಿಗಳ ಕಾರಿಡಾರಿನಲ್ಲಿ, ಮನೆ ಮನೆ ಬಾಗಿಲಿಗೆ ಬಾಟಲಿ ಇಡುತ್ತಾ. ಆ ಕಾಲದ ಫೋಟೋಗಳಲ್ಲಿ ಗಾಡಿ, ಹಾಲಿನವನು, ಪಕ್ಕದಲ್ಲಿ ಆಡುವ ಮಕ್ಕಳು ಎಲ್ಲ ಕಾಣುತ್ತಾರೆ. ಕಂಬಿಯ ಆಚೆ ಕಣ್ಣು ಹೋದರೆ ಮಾತ್ರ ಗೊತ್ತಾಗುವುದು, ಇದು ರಸ್ತೆಯಲ್ಲ ಅಂತ.

ಶೆಫೀಲ್ಡ್ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ತಿರುಗಿದರೆ ಪಾರ್ಕ್ ಹಿಲ್ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಗುಡ್ಡದ ತಲೆಯ ಮೇಲೆ ಹಾವಿನ ಹಾಗೆ ತಿರುಗಿ ತಿರುಗಿ ಮಲಗಿದೆ. ನಾನು ಈ ಊರಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಇದನ್ನು ಆಸ್ಪತ್ರೆಯೋ ಫ್ಯಾಕ್ಟರಿಯೋ ಅಂದುಕೊಂಡಿದ್ದೆ. ಸಾವಿರಕ್ಕೆ ಐದು ಕಮ್ಮಿ, ಅಂದರೆ 995 ಮನೆಗಳು ಇದ್ದ ಜಾಗ ಅಂತ ಆಮೇಲೆ ಓದಿದ್ದು.

ಅಲ್ಲಿ ಮೊದಲು ಏನಿತ್ತು ಅನ್ನುವುದರಿಂದ ಶುರುಮಾಡಬೇಕು. ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ ಇಟ್ಟಿಗೆ ಮನೆಗಳು. ಮುಂದೆ ಮಾತ್ರ ಬಾಗಿಲು, ಹಿಂದೆ ಗೋಡೆ, ಗೋಡೆಯ ಆಚೆ ಇನ್ನೊಬ್ಬರ ಮನೆ. ಕಕ್ಕಸು ಹೊರಗೆ, ಅದೂ ನಾಲ್ಕಾರು ಮನೆಗೆ ಸೇರಿ. ಮೇಲಿನ ಗುಡ್ಡಕ್ಕೆ ಸ್ಕೈ ಎಡ್ಜ್ ಅಂತ ಹೆಸರು. ಒಂದನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ದುಡ್ಡು ಕಟ್ಟಿ ನಾಣ್ಯ ಚಿಮ್ಮುವ ಜೂಜು ಜೋರಾಗಿ ನಡೆಯುತ್ತಿತ್ತು. ಅದರ ವಸೂಲಿಗಾಗಿ ಮೂನಿ, ಗಾರ್ವಿನ್ ಅನ್ನುವವರ ಎರಡು ಗ್ಯಾಂಗುಗಳು ಹೊಡೆದಾಡಿ ಊರಿಗೇ ಕೆಟ್ಟ ಹೆಸರು ತಂದಿದ್ದವು. ಸುತ್ತಿನ ಓಣಿಗಳಿಗೆ 'ಲಿಟಲ್ ಶಿಕಾಗೋ' ಅಂತ ಅಡ್ಡಹೆಸರು ಬಿತ್ತು. 1930ರ ದಶಕದಲ್ಲಿ ಈ ಮನೆಗಳನ್ನು ಕೆಡವುವ ಕೆಲಸ ಶುರುವಾಯಿತು. ಅಷ್ಟರಲ್ಲಿ ಇನ್ನೊಂದು ಯುದ್ಧ. 1940ರ ಡಿಸೆಂಬರಿನಲ್ಲಿ ಜರ್ಮನ್ ವಿಮಾನಗಳು ಎರಡು ರಾತ್ರಿ ಈ ಉಕ್ಕಿನ ಊರಿನ ಮೇಲೆ ಬಾಂಬು ಸುರಿದವು. ಯುದ್ಧ ಮುಗಿದಾಗ ಮನೆ ಬೇಕು ಅನ್ನುವವರ ಸಾಲು ಇನ್ನೂ ಉದ್ದವಾಗಿತ್ತು.

ಆಗ ನಗರದ ಮುಖ್ಯ ವಾಸ್ತುಶಿಲ್ಪಿ ಲೂಯಿಸ್ ವೋಮರ್ಸ್ಲಿ. ಅವರ ಕೈಕೆಳಗೆ ಇಬ್ಬರು ಹುಡುಗರು, ಜ್ಯಾಕ್ ಲಿನ್ ಮತ್ತು ಐವರ್ ಸ್ಮಿತ್. ಆಗಷ್ಟೇ ಓದು ಮುಗಿಸಿದವರು. ಫ್ರಾನ್ಸಿನ ಮಾರ್ಸೇಯಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಟ್ಟಿದ ದೊಡ್ಡ ವಸತಿ ಕಟ್ಟಡದ ಗುಂಗು ಆ ಪೀಳಿಗೆಯವರಿಗೆಲ್ಲ ಹಿಡಿದಿತ್ತು. ಲಂಡನ್ನಿನಲ್ಲಿ ಅಲಿಸನ್ ಮತ್ತು ಪೀಟರ್ ಸ್ಮಿತ್ಸನ್ ಅನ್ನುವ ದಂಪತಿ 'ಆಕಾಶದಲ್ಲಿ ಬೀದಿ' ಅನ್ನುವ ಯೋಚನೆಯನ್ನು ಕಾಗದದ ಮೇಲೆ ಬರೆದು ತೋರಿಸಿದ್ದರು. ಅದನ್ನು ಇಷ್ಟು ದೊಡ್ಡ ಅಳತೆಯಲ್ಲಿ ಕಟ್ಟಿ ನಿಲ್ಲಿಸಿದ್ದು ಶೆಫೀಲ್ಡಿನ ಈ ಇಬ್ಬರು.

ಅವರು ಮಾಡಿದ ಜಾಣತನ ನೋಡಿ. ಗುಡ್ಡ ಇಳಿಜಾರು. ಸಾಮಾನ್ಯವಾಗಿ ನಾವೇನು ಮಾಡುತ್ತೇವೆ? ಜೆಸಿಬಿ ತಂದು ನೆಲ ಸಮ ಮಾಡುತ್ತೇವೆ. ಇವರು ನೆಲ ಬಿಟ್ಟು ತಾರಸಿಯನ್ನು ಸಮ ಮಾಡಿದರು. ಗುಡ್ಡದ ಮೇಲ್ಭಾಗದಲ್ಲಿ ಕಟ್ಟಡ ನಾಲ್ಕೇ ಮಹಡಿ. ಊರಿನ ಕಡೆ ಇಳಿಯುತ್ತಾ ಬಂದ ಹಾಗೆ ಅದೇ ತಾರಸಿಯ ಕೆಳಗೆ ಹದಿಮೂರು ಮಹಡಿ. ಮೂರು ಮಹಡಿಗೊಂದರಂತೆ ಉದ್ದಕ್ಕೂ ಒಂದು ಡೆಕ್, ಅಂದರೆ ಒಂದು ಬದಿ ತೆರೆದ ಕಾರಿಡಾರ್, ಸುಮಾರು ಹತ್ತು ಅಡಿ ಅಗಲ. ಬ್ಲಾಕಿನಿಂದ ಬ್ಲಾಕಿಗೆ ಸೇತುವೆ. ಎಲ್ಲಕ್ಕಿಂತ ಮೇಲಿನ ಡೆಕ್ ಒಂದನ್ನು ಬಿಟ್ಟು ಉಳಿದವೆಲ್ಲ ನಡೆಯುತ್ತಾ ಹೋದರೆ ಒಂದಲ್ಲ ಒಂದು ಕಡೆ ನೆಲಕ್ಕೇ ಸೇರುತ್ತವೆ. ಲಿಫ್ಟ್ ಬೇಡ, ಮೆಟ್ಟಿಲು ಬೇಡ, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬೀದಿಯಿಂದ ಸೀದಾ ಮನೆ ಬಾಗಿಲಿಗೆ. ಹಾಲಿನ ಗಾಡಿ ಬಂದದ್ದೂ ಹೀಗೆ.

ಕಾಂಕ್ರೀಟಿನ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿದರು. ಕೆಳಗಿನ ಮಹಡಿಗಳಿಗೆ ಗಾಢ ಕೆಂಪು, ಮೇಲೆ ಹೋದ ಹಾಗೆ ತಿಳಿಯಾಗುತ್ತಾ ಕೊನೆಗೆ ಕೆನೆ ಬಣ್ಣ. ಮನೆಯೊಳಗೆ ಬಚ್ಚಲು, ಬಿಸಿನೀರು, ಇಡೀ ಕಟ್ಟಡಕ್ಕೆ ಒಂದೇ ಕಡೆಯಿಂದ ಬರುವ ಶಾಖ. ಅಡುಗೆಮನೆಯ ಸಿಂಕಿನಲ್ಲಿ ಗಾರ್ಶೆ ಅನ್ನುವ ಫ್ರೆಂಚ್ ಏರ್ಪಾಡು. ಕಸವನ್ನು ಅಲ್ಲೇ ಹಾಕಿ ನೀರು ಬಿಟ್ಟರೆ ಪೈಪಿನಲ್ಲಿ ಕೆಳಗೆ ಹೋಗುತ್ತಿತ್ತು. ಹೊರಗಿನ ಕಕ್ಕಸಿಗೆ ಚಳಿಯಲ್ಲಿ ಓಡುತ್ತಿದ್ದ ಮನೆಗಳಿಂದ ಬಂದವರಿಗೆ ಇದೆಲ್ಲ ಹೇಗೆ ಕಂಡಿರಬೇಡ! 1957ರಲ್ಲಿ ಕೆಲಸ ಶುರು, 1959ರ ಹೊತ್ತಿಗೆ ಮೊದಲ ಸಂಸಾರಗಳು ಬಂದವು. 1961ರ ಜೂನ್‌ನಲ್ಲಿ ಲೇಬರ್ ಪಕ್ಷದ ನಾಯಕ ಹ್ಯೂ ಗೇಟ್‌ಸ್ಕೆಲ್ ಬಂದು ಉದ್ಘಾಟನೆ ಮಾಡಿದರು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಕಾಂಕ್ರೀಟಿನದಲ್ಲ. ಕೆಡವಿದ ಓಣಿಗಳಲ್ಲಿ ಅಕ್ಕಪಕ್ಕ ಇದ್ದವರನ್ನು ಆದಷ್ಟೂ ಇಲ್ಲೂ ಅಕ್ಕಪಕ್ಕವೇ ಇರಿಸಲು ನೋಡಿದರು. ಡೆಕ್‌ಗಳಿಗೆ ಹಳೇ ಓಣಿಗಳ ಹೆಸರನ್ನೇ ಇಟ್ಟರು: ಗಿಲ್ಬರ್ಟ್ ರೋ, ಲಾಂಗ್ ಹೆನ್ರಿ ರೋ, ಹೇಗ್ ರೋ, ನಾರ್ವಿಚ್ ರೋ. ಜೋನ್ ಡೆಮರ್ಸ್ ಅನ್ನುವ ಸಮಾಜ ಕಾರ್ಯಕರ್ತೆ ಅಲ್ಲೇ ಒಂದು ಮನೆ ಮಾಡಿಕೊಂಡು, ಬಂದವರು ಹೊಂದಿಕೊಳ್ಳುವುದಕ್ಕೆ ಜೊತೆಗಿದ್ದರು. ಅಂಗಡಿಗಳಿದ್ದವು, ನಾಲ್ಕು ಪಬ್ಬುಗಳಿದ್ದವು. ಮನೆ ಬದಲಾದರೂ ನೆರೆಹೊರೆ ಬದಲಾಗಬಾರದು ಅನ್ನುವ ಲೆಕ್ಕ. ಸರ್ಕಾರಿ ಕಚೇರಿಯೊಂದು ಇಷ್ಟು ಯೋಚನೆ ಮಾಡಿತ್ತು ಅಂದರೆ ಈಗ ನಂಬುವುದು ಕಷ್ಟ, ಅಲ್ವಾ?

ಅಮ್ಮ ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಅವರನ್ನು ಕರೆದುಕೊಂಡು ಹೋಗಿದ್ದೆ. ಆಗಿನ್ನೂ ಒಂದು ಭಾಗ ಮಾತ್ರ ಹೊಸದಾಗಿತ್ತು, ಉಳಿದದ್ದು ಹಲಗೆ ಹೊಡೆದು ಖಾಲಿ ಬಿದ್ದಿತ್ತು. ಅಮ್ಮ ಕೆಳಗೆ ನಿಂತು ಖಾಲಿ ಡೆಕ್ಕುಗಳನ್ನು ಸುಮಾರು ಹೊತ್ತು ನೋಡಿದರು.

"ಇದು ವಠಾರ ಕಣೋ," ಅಂದರು. "ಒಂದರ ಮೇಲೆ ಒಂದು ಜೋಡಿಸಿದ್ದಾರೆ, ಅಷ್ಟೇ."

ಅಮ್ಮ ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ನಡುವೆ ಓಣಿ, ಎರಡೂ ಕಡೆ ಮನೆ, ಕೊನೆಯಲ್ಲಿ ನಲ್ಲಿ. ಯಾರ ಮನೆಯಲ್ಲಿ ಏನು ಒಗ್ಗರಣೆ ಅಂತ ಎಲ್ಲರಿಗೂ ಗೊತ್ತು. ಯಾರ ಮನೆಗೆ ಯಾರು ಬಂದರು ಅನ್ನುವುದಂತೂ ಕೇಳಲೇಬೇಡಿ. ಆಮೇಲೆ ಅಮ್ಮ ಕೇಳಿದ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಅದ್ಸರಿ, ಕಿಟಕಿ ಎಲ್ಲೋ? ಬಾಗಿಲು ಮಾತ್ರ ಇದೆ. ಒಳಗಿರೋರಿಗೆ ಓಣೀಲಿ ಯಾರು ಓಡಾಡ್ತಿದಾರೆ ಅಂತ ಗೊತ್ತಾಗೋದು ಹೇಗೆ?"

ನಿಜ. ಪಾರ್ಕ್ ಹಿಲ್ಲಿನ ಡೆಕ್ಕಿಗೆ ಮನೆಗಳ ಬಾಗಿಲು ತೆರೆಯುತ್ತಿತ್ತು, ಕಿಟಕಿ ತೆರೆಯುತ್ತಿರಲಿಲ್ಲ. ಕೋಣೆಗಳ ಕಿಟಕಿಯೆಲ್ಲ ಊರಿನ ನೋಟದ ಕಡೆಗೆ, ಬಿಸಿಲಿನ ಕಡೆಗೆ. ಎಲ್ಲ ಬಾಗಿಲೂ ತೆರೆದಿದ್ದ ಕಾಲಕ್ಕೆ ಅದೇನೂ ತೊಂದರೆಯಲ್ಲ. ಜನ ಹೊರಗೇ ಇರುತ್ತಿದ್ದರು. ಬಾಗಿಲು ಮುಚ್ಚಲು ಶುರುವಾದ ಮೇಲೆ ಆ ಹತ್ತು ಅಡಿ ಬೀದಿಯನ್ನು ನೋಡುವ ಕಣ್ಣೇ ಇಲ್ಲ. ಕಟ್ಟಡದಲ್ಲಿದ್ದ ನಿಜವಾದ ಹುಳುಕು ಅಂದರೆ ಇದು. ಕಾಂಕ್ರೀಟ್ ಜನರನ್ನು ಹಾಳುಮಾಡಿತು ಅಂತ ಪತ್ರಿಕೆಗಳಲ್ಲಿ ಬರೆದವರು ಬೇಕಾದಷ್ಟು. ಅವರಲ್ಲಿ ಎಷ್ಟು ಮಂದಿ ಅಲ್ಲಿ ನಿಂತು ಈ ಕಿಟಕಿ ಹುಡುಕಿದ್ದರೋ!

ಬಾಗಿಲು ಮುಚ್ಚಿದ್ದು ಯಾಕೆ ಅನ್ನುವುದಕ್ಕೆ ಕಟ್ಟಡದ ಒಳಗೆ ಹುಡುಕಿದರೆ ಉತ್ತರ ಸಿಗುವುದಿಲ್ಲ. ಗುಡ್ಡದಿಂದ ಕೆಳಗೆ, ಡಾನ್ ನದಿಯ ಕಣಿವೆಗೆ ಇಳಿಯಬೇಕು. ಅಲ್ಲಿದ್ದ ಉಕ್ಕಿನ ಕಾರ್ಖಾನೆಗಳೇ ಊರಿನ ಅನ್ನ. 1970ರ ದಶಕದ ಕೊನೆಗೆ ಅವು ಕುಸಿಯತೊಡಗಿದವು. ಮುಂದಿನ ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಮಂದಿಯ ಕೆಲಸ ಹೋಯಿತು. ಪಾರ್ಕ್ ಹಿಲ್ಲಿನವು ಕೌನ್ಸಿಲ್ ಮನೆಗಳು, ಅಂದರೆ ನಗರಸಭೆಯ ಬಾಡಿಗೆ ಮನೆಗಳು. ಕೆಲಸ ಇದ್ದವರು ಬೇರೆ ಕಡೆ ಹೋದರು. ಇಲ್ಲದವರು ಉಳಿದರು, ಇನ್ನೂ ಕಷ್ಟದಲ್ಲಿದ್ದವರನ್ನು ತಂದು ಅವರ ಪಕ್ಕ ಇಟ್ಟರು. ಮೇಲಿನ ಸರ್ಕಾರ ಕೌನ್ಸಿಲ್‌ಗಳಿಗೆ ಕೊಡುವ ದುಡ್ಡು ಕಡಿಮೆ ಮಾಡಿತು. ಲಿಫ್ಟ್ ಕೆಟ್ಟರೆ ಕೆಟ್ಟ ಹಾಗೇ. ದೀಪ ಒಡೆದರೆ ಒಡೆದ ಹಾಗೇ. ಎಲ್ಲ ಕಡೆ ನೆಲಕ್ಕೆ ಸೇರುತ್ತಿದ್ದ ಆ ಡೆಕ್ಕುಗಳಲ್ಲಿ ಈಗ ಕಳ್ಳನೂ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬಹುದು. ಯಾವುದು ಅನುಕೂಲವಾಗಿತ್ತೋ ಅದೇ ಕಂಟಕವಾಯಿತು.

ಪಕ್ಕದ ಗುಡ್ಡದಲ್ಲಿ ಇದರ ತಮ್ಮನಿದ್ದ, ಹೈಡ್ ಪಾರ್ಕ್. ಇದಕ್ಕಿಂತ ಎತ್ತರ, ಇನ್ನಷ್ಟು ದೈತ್ಯ. 1991ರಲ್ಲಿ ಶೆಫೀಲ್ಡಿನಲ್ಲಿ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟ ನಡೆದಾಗ ಅದಕ್ಕೆ ಅಲ್ಲಲ್ಲಿ ಹೊಸ ಹೊದಿಕೆ ಹೊದಿಸಿ ಕ್ರೀಡಾಪಟುಗಳನ್ನು ಇರಿಸಿದರು. ಆಟ ಮುಗಿದ ಸ್ವಲ್ಪ ದಿನಕ್ಕೆ ಅದರ ಅತಿ ದೊಡ್ಡ ಬ್ಲಾಕನ್ನು ಕೆಡವಿದರು. ಊರಿನ ಇನ್ನೊಂದು ಕಡೆ ಇದೇ ಮಾದರಿಯ ಕೆಲ್ವಿನ್ ಫ್ಲ್ಯಾಟ್ಸ್ ಕೂಡ ಹೋಯಿತು. ಮುಂದಿನ ಸರದಿ ಪಾರ್ಕ್ ಹಿಲ್ಲಿನದೇ ಅಂತ ಊರಿನಲ್ಲಿ ಬಹಳ ಮಂದಿ ಅಂದುಕೊಂಡಿದ್ದರು. ಬಹಳ ಮಂದಿಗೆ ಅದೇ ಬೇಕಾಗಿಯೂ ಇತ್ತು.

1998ರಲ್ಲಿ ಸರ್ಕಾರ ಅದನ್ನು ಎರಡನೇ ದರ್ಜೆಯ, ಆದರೆ ಪಕ್ಕದಲ್ಲೊಂದು ನಕ್ಷತ್ರ ಹಾಕಿದ ಲಿಸ್ಟೆಡ್ ಬಿಲ್ಡಿಂಗ್ ಅಂತ ಘೋಷಿಸಿತು. ಚರ್ಚು, ಅರಮನೆಗಳು ಇರುವ ಪಟ್ಟಿ ಅದು. ಒಮ್ಮೆ ಆ ಪಟ್ಟಿಗೆ ಸೇರಿದರೆ ಮನಸ್ಸಿಗೆ ಬಂದ ಹಾಗೆ ಕೆಡವುವ ಹಾಗಿಲ್ಲ. ಊರಿನವರು ನಕ್ಕರು, ಬೈದರು. ನಾನು ಆಗ ಇಲ್ಲಿದ್ದಿದ್ದರೆ ನಾನೂ ಬೈಯುತ್ತಿದ್ದೆನೋ ಏನೋ, ಸೋರುವ ಮನೆಯಲ್ಲಿ ಕೂತವರಿಗೆ ವಾಸ್ತುಶಿಲ್ಪದ ಮಹತ್ವ ಹೇಳಲು ಹೋಗುವುದು ಸ್ವಲ್ಪ ಅತಿಯೇ. ಆದರೂ ಆ ಘೋಷಣೆ ಇಲ್ಲದಿದ್ದರೆ ಇವತ್ತು ಮಾತಾಡುವುದಕ್ಕೆ ಏನೂ ಇರುತ್ತಿರಲಿಲ್ಲ.

ಲಂಡನ್ನಿನಲ್ಲಿ ಏನಾಯಿತು ಅಂತ ನೋಡಿ. 'ಆಕಾಶದಲ್ಲಿ ಬೀದಿ' ಅಂತ ಮೊದಲು ಹೇಳಿದ ಸ್ಮಿತ್ಸನ್ ದಂಪತಿ ಕೊನೆಗೂ ತಾವೇ ಒಂದನ್ನು ಕಟ್ಟಿದರು, ರಾಬಿನ್ ಹುಡ್ ಗಾರ್ಡನ್ಸ್. 1972ರಲ್ಲಿ ಮುಗಿದದ್ದು. ಅದನ್ನು ಪಟ್ಟಿಗೆ ಸೇರಿಸಿ ಅಂತ ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು ಕೇಳಿಕೊಂಡರೂ ಸರ್ಕಾರ ಒಪ್ಪಲಿಲ್ಲ. 2017ರಲ್ಲಿ ಕೆಡವಲು ಶುರುಮಾಡಿದರು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಮೂರು ಮಹಡಿಯಷ್ಟು ತುಂಡನ್ನು ಕತ್ತರಿಸಿ ತೆಗೆದುಕೊಂಡಿತು. 2018ರಲ್ಲಿ ವೆನಿಸ್ಸಿನಲ್ಲಿ ಅದನ್ನು ಪ್ರದರ್ಶನಕ್ಕೂ ಇಟ್ಟಿತು. ಬಡವರ ಮನೆ ಕಲಾವಸ್ತು ಆಗಬೇಕಾದರೆ ಮೊದಲು ಬಡವರು ಅಲ್ಲಿಂದ ಎದ್ದು ಹೋಗಿರಬೇಕು.

ಪಾರ್ಕ್ ಹಿಲ್ಲಿನಲ್ಲೂ ಎದ್ದು ಹೋಗುವ ಕೆಲಸ ಆಯಿತು. ಅರ್ಬನ್ ಸ್ಪ್ಲಾಶ್ ಅನ್ನುವ ಮ್ಯಾಂಚೆಸ್ಟರಿನ ಕಂಪನಿಯನ್ನು 2004ರಲ್ಲಿ ಆರಿಸಿದರು. ಹಳೇ ಗೋದಾಮು, ಬಟ್ಟೆ ಗಿರಣಿಗಳನ್ನು ಮನೆ ಮಾಡಿ ಮಾರುವುದರಲ್ಲಿ ಹೆಸರು ಮಾಡಿದವರು. ಬಾಡಿಗೆದಾರರನ್ನು ಬ್ಲಾಕ್ ಬ್ಲಾಕಾಗಿ ಖಾಲಿ ಮಾಡಿಸಿ ಊರಿನ ಬೇರೆ ಬೇರೆ ಕಡೆ ಮನೆ ಕೊಟ್ಟರು. ಅಷ್ಟರಲ್ಲಿ 2008ರ ಆರ್ಥಿಕ ಕುಸಿತ. ಬ್ಯಾಂಕುಗಳು ಕೈ ಎತ್ತಿದವು. ಸರ್ಕಾರಿ ದುಡ್ಡು ಬಂದು ಕೈಹಿಡಿದ ಮೇಲೆಯೇ ಮೊದಲ ಹಂತ ಮುಂದೆ ಸಾಗಿದ್ದು. ಉಳಿದ ಬ್ಲಾಕುಗಳು ಹತ್ತು ವರ್ಷಕ್ಕೂ ಜಾಸ್ತಿ ಖಾಲಿ ನಿಂತವು. ಅಮ್ಮ ನೋಡಿದ್ದು ಅವನ್ನೇ.

ಮೊದಲ ಹಂತದಲ್ಲಿ ಅವರು ಕಟ್ಟಡವನ್ನು ಎಲುಬಿನ ತನಕ ಸುಲಿದರು. ಇಟ್ಟಿಗೆ ಎಲ್ಲ ತೆಗೆದರು, ಕಾಂಕ್ರೀಟಿನ ಚೌಕಟ್ಟು ಮಾತ್ರ ಉಳಿಯಿತು. ಮೊದಲು ಗೋಡೆ ಮೂರರಲ್ಲಿ ಎರಡು ಪಾಲು, ಗಾಜು ಒಂದು ಪಾಲು ಇತ್ತು. ಅದನ್ನು ಉಲ್ಟಾ ಮಾಡಿದರು. ಇಟ್ಟಿಗೆ ಇದ್ದ ಜಾಗಕ್ಕೆ ಹೊಳೆಯುವ ಅಲ್ಯೂಮಿನಿಯಂ ಹಲಗೆ: ಕೆಂಪು, ಕಿತ್ತಳೆ, ಹಳದಿ. ದೂರದಿಂದ ಚೆನ್ನಾಗಿಯೇ ಕಾಣುತ್ತದೆ, ಸಂಜೆ ಬಿಸಿಲು ಬಿದ್ದಾಗಂತೂ ಇಡೀ ಗುಡ್ಡ ಝಗ್ ಅನ್ನುತ್ತದೆ. ಹತ್ತಿರ ಹೋದರೆ ನನಗೆ ಯಾಕೋ ಮೊಬೈಲ್ ಅಂಗಡಿಯ ನೆನಪು. 2013ರಲ್ಲಿ ಬ್ರಿಟನ್ನಿನ ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿಯಾದ ಸ್ಟರ್ಲಿಂಗ್‌ನ ಕೊನೆಯ ಸುತ್ತಿಗೆ ಬಂತು, ಗೆಲ್ಲಲಿಲ್ಲ.

ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ, ಹೇಳಲೇಬೇಕು. ಮನೆ ಬಾಗಿಲ ಪಕ್ಕ ಡೆಕ್ಕಿನ ಕಡೆಗೆ ಒಂದು ಮೂಲೆ ಕಿಟಕಿ ಇಟ್ಟಿದ್ದಾರೆ. ಅಮ್ಮನ ಪ್ರಶ್ನೆಗೆ ಅರ್ಧ ಶತಮಾನ ತಡವಾಗಿ ಬಂದ ಉತ್ತರ. ಆದರೆ ಅದೇ ಹೊತ್ತಿಗೆ ಡೆಕ್ಕಿಗೆ ಬೀಗವೂ ಬಿತ್ತು. ಈಗ ಅಲ್ಲಿಗೆ ಹೋಗಬೇಕಾದರೆ ಕೆಳಗಿನ ಬಾಗಿಲಿನಲ್ಲಿ ಪ್ಲಾಸ್ಟಿಕ್ ಬಿಲ್ಲೆ ತೋರಿಸಬೇಕು. ಬೀದಿಗೆ ಕಿಟಕಿ ಸಿಕ್ಕಿತು, ಬೀದಿಯಲ್ಲಿ ಹಾದುಹೋಗುವ ಜನ ತಪ್ಪಿದರು.

ಇನ್ನು ಆ ಗೋಡೆ ಬರಹದ ಕತೆ. ಬ್ಲಾಕುಗಳ ನಡುವಿನ ಎತ್ತರದ ಸೇತುವೆಯೊಂದರ ಹೊರಮೈಯಲ್ಲಿ 2001ರಲ್ಲಿ ಒಬ್ಬ ಹುಡುಗ ಬಿಳಿ ಬಣ್ಣದಲ್ಲಿ ಬರೆದ. ಮೊದಲು ತನ್ನ ಹುಡುಗಿಯ ಪೂರ್ತಿ ಹೆಸರು. ಅದರ ಪಕ್ಕ 'ಐ ಲವ್ ಯೂ ವಿಲ್ ಯು ಮ್ಯಾರಿ ಮಿ'. ಊರಿಗೆಲ್ಲ ಕಾಣುವ ಜಾಗ. ರೈಲಿನಲ್ಲಿ ಬಂದವರೆಲ್ಲ ಓದುತ್ತಿದ್ದರು. ರಿಪೇರಿ ಶುರುವಾದಾಗ ಕಂಪನಿಯವರಿಗೆ ಅದು ಇಷ್ಟವಾಯಿತು. ಅಳಿಸುವ ಬದಲು ಅಕ್ಷರಗಳ ಮೇಲೆ ನಿಯಾನ್ ದೀಪ ಕೂರಿಸಿದರು. ಪ್ರೀತಿಯ ಮಾತಿಗೆ ದೀಪ ಬಂತು, ಹೆಸರಿಗೆ ಬರಲಿಲ್ಲ. ಟೀ ಶರ್ಟಿನ ಮೇಲೂ ಅದೇ ಮಾತು ಬಂತು, ಹೆಸರು ಬಿಟ್ಟು. ಆ ಹುಡುಗಿ 2007ರಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಅವರಿಬ್ಬರ ಮದುವೆ ಆಗಿರಲೂ ಇಲ್ಲ.

ಯಾರೋ ಕೂತು ತೀರ್ಮಾನ ಮಾಡಿರಬೇಕಲ್ಲ, ಈ ನಾಲ್ಕು ಮಾತು ಬೇಕು, ಆ ಹೆಸರು ಬೇಡ ಅಂತ. ಯಾರ ಹೆಸರೂ ಇಲ್ಲದಿದ್ದರೆ ಕೊಳ್ಳಲು ಬರುವವರೆಲ್ಲ ತಮ್ಮದೇ ಅಂದುಕೊಳ್ಳಬಹುದು. ವ್ಯಾಪಾರದ ಬುದ್ಧಿಗೆ ಅದು ಸರಿಯೇ. ಆದರೆ ಇಡೀ ಪುನರ್ನಿರ್ಮಾಣ ನನಗೆ ಅರ್ಥವಾದದ್ದು ಆ ಬೋರ್ಡಿನಿಂದ. ಚೌಕಟ್ಟು ಉಳಿಸಿಕೊಂಡರು, ಡೆಕ್ ಉಳಿಸಿಕೊಂಡರು, ಇದ್ದವರು ಯಾರು ಅನ್ನುವುದನ್ನು ಮಾತ್ರ ಬಿಟ್ಟುಬಿಟ್ಟರು. ಮೊದಲ ಸಲ ಕಟ್ಟಿದಾಗ ಮಾಡಿದ್ದು ಇದಕ್ಕೆ ಪೂರ್ತಿ ತದ್ವಿರುದ್ಧ. ಅವತ್ತು ಓಣಿಯ ಒಂದು ಇಟ್ಟಿಗೆಯನ್ನೂ ಉಳಿಸದೆ ನೆಲಸಮ ಮಾಡಿ, ಜನರನ್ನೂ ಓಣಿಯ ಹೆಸರನ್ನೂ ಎತ್ತಿಕೊಂಡು ಹೋಗಿ ಮೇಲಿಟ್ಟಿದ್ದರು.

ಹಾಗಂತ 1961ರ ಆಸುಪಾಸು ಸ್ವರ್ಗ ಅಂತ ಹೇಳುತ್ತಿಲ್ಲ. 90ರ ದಶಕದಲ್ಲಿ ರಾತ್ರಿ ಆ ಡೆಕ್ಕಿನಲ್ಲಿ ಒಂಟಿಯಾಗಿ ನಡೆಯಬೇಕಾದವರಿಗೆ ನನ್ನ ಈ ಮಾತು ಸಿಟ್ಟು ತರಿಸಬಹುದು. ಬಿಟ್ಟು ಹೋದವರಲ್ಲಿ ಖುಷಿಯಾಗಿ ಹೋದವರೂ ಇದ್ದರು. ಈಗಲೂ ಪೂರ್ತಿ ದುಡ್ಡಿರುವವರ ಪಾಲಾಗಿಲ್ಲ. ಮೊದಲ ಹಂತದ 260 ಚಿಲ್ಲರೆ ಮನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕಡಿಮೆ ಬಾಡಿಗೆಗೆ ಮೀಸಲು. ಆದರೆ ಒಂದು ಕಾಲಕ್ಕೆ 995ಕ್ಕೆ 995ರಷ್ಟೂ ನಗರಸಭೆಯ ಬಾಡಿಗೆ ಮನೆಗಳೇ. ಶೆಫೀಲ್ಡಿನಲ್ಲಿ ಕೌನ್ಸಿಲ್ ಮನೆಗಾಗಿ ಕಾಯುವವರ ಪಟ್ಟಿ ಮಾತ್ರ ಕರಗಿಲ್ಲ.

ಬೆಂಗಳೂರಿನ ಗೆಳೆಯರ ಹತ್ತಿರ ಈ ಕತೆ ಹೇಳಿದರೆ ಅವರಿಗೆ ತಕ್ಷಣ ತಮ್ಮ ಅಪಾರ್ಟ್‌ಮೆಂಟ್ ನೆನಪಾಗುತ್ತದೆ. 80, 90ರ ದಶಕದಲ್ಲಿ ಕಟ್ಟಿದ ಮೂರು ನಾಲ್ಕು ಮಹಡಿಯ ಕಟ್ಟಡಗಳಿಗೆ ಈಗ ಬಿಲ್ಡರುಗಳು ಕಣ್ಣು ಹಾಕಿದ್ದಾರೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಅದೇ ಮಾತು: ಎಷ್ಟು ಮಹಡಿ ಏರಿಸಬಹುದು, ನಮಗೆ ಎಷ್ಟು ಚದರಡಿ ಜಾಸ್ತಿ, ಮುಗಿಯುವ ತನಕ ಬಾಡಿಗೆ ಯಾರು ಕೊಡುತ್ತಾರೆ. ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ. ಅಲ್ಲಿ ಪತ್ರದಲ್ಲಿ ನಿಮ್ಮ ಹೆಸರಿದೆ, ನೆಲದಲ್ಲಿ ನಿಮ್ಮ ಪಾಲು, ಅಂದರೆ ಯುಡಿಎಸ್, ಇದೆ. ಬಿಲ್ಡರ್ ನಿಮ್ಮ ಮನೆಗೆ ಬಂದು ಕಾಫಿ ಕುಡಿದು ಸಹಿ ಕೇಳಬೇಕು. ಪಾರ್ಕ್ ಹಿಲ್ಲಿನವರು ಬಾಡಿಗೆದಾರರು. ಕೆಲವರು ನಲವತ್ತು ವರ್ಷಕ್ಕೂ ಜಾಸ್ತಿ ಅಲ್ಲಿದ್ದವರು, ಮಕ್ಕಳನ್ನು ಬೆಳೆಸಿದವರು. ಅಷ್ಟು ವರ್ಷದ ಬಾಡಿಗೆ ರಸೀದಿ ಯಾವ ಪಾಲನ್ನೂ ತಂದುಕೊಡಲಿಲ್ಲ. ನಮ್ಮ ಕಡೆಯೂ ಅಷ್ಟೇ ಬಿಡಿ. ಫ್ಲ್ಯಾಟಿನಲ್ಲಿ ಬಾಡಿಗೆಗೆ ಇರುವವರನ್ನು, ಹಗಲು ರಾತ್ರಿ ಗೇಟು ಕಾಯುವ ಸಂಸಾರವನ್ನು ಯಾವ ಅಸೋಸಿಯೇಷನ್ ಮೀಟಿಂಗಿಗೆ ಕರೆದಿದ್ದಾರೆ?

ಎರಡನೇ ಹಂತ 2022ರಲ್ಲಿ ಮುಗಿಯಿತು. ಮಿಖಾಯಿಲ್ ರಿಚಸ್ ಅನ್ನುವ ಬೇರೆ ವಾಸ್ತುಶಿಲ್ಪಿಗಳು, ಬೇರೆ ಮನಸ್ಸು. ಇವರು ಇಟ್ಟಿಗೆ ಕೀಳಲಿಲ್ಲ. ದಶಕಗಳ ಮಸಿ ತೊಳೆದು, ಸಡಿಲವಾದದ್ದನ್ನು ಸರಿಮಾಡಿ, ಒಳಗಿನಿಂದ ಚಳಿ ತಡೆಯುವ ಹೊದಿಕೆ ಹಾಕಿದರು. ಮಸಿ ಹೋದ ಮೇಲೆ ಆ ಕೆಂಪಿನಿಂದ ಕೆನೆಯವರೆಗಿನ ಬಣ್ಣಗಳು ಕಂಡವು. ಹತ್ತಿರ ಹೋಗಿ ನೋಡಿದೆ. ಕೆಲವು ಇಟ್ಟಿಗೆಗಳ ಅಂಚು ಚಕ್ಕೆ ಎದ್ದಿದೆ, ಕಾಂಕ್ರೀಟಿಗೆ ತೇಪೆ ಹಾಕಿದ್ದು ಬೇರೆ ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಅದನ್ನು ಮುಚ್ಚಿಡಲು ಹೋಗಿಲ್ಲ. ನನಗೆ ಇದೇ ಇಷ್ಟ. ಆದರೆ ಇದನ್ನು ನೋಡುವಾಗ ಹೊಟ್ಟೆಯಲ್ಲಿ ಒಂದು ಸಣ್ಣ ಸಿಟ್ಟೂ ಏಳುತ್ತದೆ. ತೊಳೆಯುವುದು, ತೇಪೆ ಹಾಕುವುದು, ಕಿಟಕಿ ಬದಲಾಯಿಸುವುದು, ಲಿಫ್ಟ್ ನಡೆಸುವುದು. ಇದರಲ್ಲಿ ಯಾವುದು 1985ರಲ್ಲಿ ಆಗದ ಕೆಲಸ? ಒಳಗಿದ್ದವರು ಬಾಡಿಗೆ ಕಟ್ಟುತ್ತಿದ್ದಾಗ ದುಡ್ಡಿಲ್ಲ ಅಂದರು. ಅವರು ಹೋದ ಮೇಲೆ ಎಲ್ಲಿಂದಲೋ ದುಡ್ಡು ಬಂತು.

ಶೆಫೀಲ್ಡ್ ಕಡೆ ಬಂದರೆ ಹೋಗಿ ನೋಡಿ. ಸ್ಟೇಷನ್ನಿನ ಮೇಲುಸೇತುವೆ ದಾಟಿ ಟ್ರಾಮ್ ಸ್ಟಾಪಿನ ಹಿಂದೆ ಇಳಿದರೆ ಶೀಫ್ ವ್ಯಾಲಿ ಪಾರ್ಕ್ ಸಿಗುತ್ತದೆ. ಅಲ್ಲಿಂದ ಹತ್ತಿದರಾಯಿತು, ಏರು ಜಾಸ್ತಿ, ನಿಧಾನ ಹತ್ತಿ. ಕೆಳಗಿನ ಅಂಗಳದಲ್ಲಿ ಎಷ್ಟು ಹೊತ್ತು ತಿರುಗಿದರೂ ಯಾರೂ ಏನೂ ಅನ್ನುವುದಿಲ್ಲ, ಕಾಫಿಯೂ ಸಿಗುತ್ತದೆ. ಡೆಕ್ ಮೇಲೆ ನಡೆಯಬೇಕು ಅನ್ನಿಸಿದರೆ ಮಾತ್ರ ಅಲ್ಲಿ ನಿಮಗೆ ಪರಿಚಯದವರು ಯಾರಾದರೂ ಇರಬೇಕು.